ಕಡಲ ತಡಿಯ ಮನೆಯೂ ನೆರೆಯ ವಿಮೆಯೂ

ಅಮೆರಿಕದ ಸಂಯುಕ್ತ ಸಂಸ್ಥಾನದ ಆಗ್ನೇಯ ಮೂಲೆಯಲ್ಲಿ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಫ್ಲಾರಿಡಾ ಎಂಬ ಪ್ರಾಂತವಿದೆ. ಅದರ ಪಡುವಣ ಕರಾವಳಿಯಲ್ಲಿ ಲೀ ಎಂಬ ಹೆಸರಿನ ಒಂದು ಕೌಂಟಿಯುಂಟು. ನಮ್ಮಲ್ಲಿಯ ಒಂದು ಜಿಲ್ಲೆಯೆಂದು ವಾಚಕರು ಭಾವಿಸಿಕೊಂಡರೆ ಸಾಕು. 2024ರ ಮಾರ್ಚ್ ತಿಂಗಳ ಕಡೆಯಲ್ಲಿ ಈ ಕೌಂಟಿಯ ಆಡಳಿತಕ್ಕೂ, ಅದರೊಳಗಿನ ಕೇಪ್ ಕೋರಲ್, ಬೊನಿಟಾ ಸ್ಪ್ರಿಂಗ್ಸ್, ಎಸ್ಟೆರೊ, ಫೋರ್ಟ್ ಮೈಯರ್ಸ್ ಬೀಚ್ ಎಂಬ ನಾಲ್ಕು ಊರುಗಳ ಪೌರಾಡಳಿತಗಳಿಗೂ ಸಂಯುಕ್ತ ಸರಕಾರದ ಆಪತ್ತು ನಿರ್ವಹಣೆಯ ಇಲಾಖೆಯಿಂದ ಒಂದು ಸೂಚನೆ ಬಂದಿತು. ಈ ಇಲಾಖೆಯನ್ನು ಅಲ್ಲಿಯವರು ಫೆಮಾ ಎಂದು ಸಂಕ್ಷೇಪಿಸಿ ಕರೆಯುತ್ತಾರೆ. ನೆರೆಯ ವಿಮೆಯ ಕಂತಿನಲ್ಲಿ ಆ ಊರುಗಳ ನಿವಾಸಿಗಳು ಅನುಭವಿಸುತ್ತಿದ್ದ ಶೇಕಡಾ 25ರ ರಿಯಾಯಿತಿಯು ಅಕ್ಟೋಬರ್ 1ರಿಂದ ನಿಂತುಹೋಗುವುದೆಂಬುದು ಆ ಸೂಚನೆಯ ಸಾರ. ಚಂಡಮಾರುತದಲ್ಲಿ ಕೆಟ್ಟ ಮನೆಗಳನ್ನು ಪರವಾನಗಿಯಿಲ್ಲದೆ ರಿಪೇರಿ ಮಾಡಗೊಟ್ಟುದೂ, ಯಾವ ಮನೆಗೆ ಎಷ್ಟು ಹಾನಿಯಾಯಿತೆಂಬ ದಾಖಲೆಗಳನ್ನು ಸರಿಯಾಗಿ ಇಡದಿದ್ದುದೂ ಅದಕ್ಕೆ ಕೊಟ್ಟ ಕಾರಣಗಳು.

ಕೂಡಲೆ ದೊಡ್ಡ ಕೋಲಾಹಲವೆದ್ದಿತು. ಗಾಯದ ಮೇಲೆ ಬರೆ ಎಳೆದರೆಂದು ಜನರು ಕೂಗಿದರು. ಶಾಸನಸಭಿಕರೂ ಪ್ರಾಂತದ ಗವರ್ನರರೂ ಜನರ ಪಕ್ಷವನ್ನು ವಹಿಸಿದರು. ಚುನಾವಣೆಯ ವರ್ಷದಲ್ಲಿ ಯಾವ ಮುಖಂಡನು ತಾನೆ ಬೇರೆ ಪಕ್ಷವನ್ನು ವಹಿಸಿಯಾನು? ಆದರೆ ಕೂಗು ದೊಡ್ಡದಾಗಿದ್ದ ಮಾತ್ರಕ್ಕೆ ಅದು ನ್ಯಾಯದ ಕೂಗೆಂದು ನಾವು ಒಪ್ಪಲಾರೆವು. ಆ ಸೂಚನೆಯನ್ನು ಕೊಟ್ಟ ರೀತಿ ಒರಟಾಗಿತ್ತು. ಅದರ ತತ್ವ ಮಾತ್ರ ಸರಿಯಾಗಿತ್ತು. ವಿಮೆಯೆಂಬುದು ಅಪಾಯದ ನಿಜವಾದ ಅಳತೆಯನ್ನು ಜನರಿಗೆ ತಿಳಿಸಬೇಕೇ ಹೊರತು ಅದನ್ನು ಮುಚ್ಚಿಡುವ ತೆರೆಯಾಗಬಾರದು. ಇದು ನಮ್ಮ ಅಭಿಪ್ರಾಯ. ಇದಕ್ಕೆ ಕಾರಣಗಳನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

2022ರ ಸೆಪ್ಟೆಂಬರ್ 28ನೆಯ ತಾರೀಖಿನ ಮಧ್ಯಾಹ್ನ ಇಯಾನ್ ಎಂಬ ಚಂಡಮಾರುತವು ಲೀ ಕೌಂಟಿಗೆ ಸೇರಿದ ಕೇಯೊ ಕೋಸ್ಟ ಎಂಬ ದ್ವೀಪದ ಬಳಿ ನೆಲವನ್ನು ಮುಟ್ಟಿತು. ಗಾಳಿಯ ವೇಗ ತಾಸಿಗೆ 150 ಮೈಲಿ. ಆದರೆ ಊರನ್ನು ಕೆಡಿಸಿದ್ದು ಮುಖ್ಯವಾಗಿ ಗಾಳಿಯಲ್ಲ, ಗಾಳಿಯು ನೂಕಿಕೊಂಡು ಬಂದ ಕಡಲು. ಫೋರ್ಟ್ ಮೈಯರ್ಸ್ ಬೀಚಿನಲ್ಲಿ ನೆಲದ ಮೇಲೆ 10ರಿಂದ 15 ಅಡಿಗಳವರೆಗೆ ನೀರು ನಿಂತಿತು. ಸ್ಯಾನಿಬೆಲ್ ದ್ವೀಪವನ್ನು ನಾಡಿಗೆ ಕೂಡಿಸುವ ಸೇತುದಾರಿ ಹಲವು ಕಡೆ ಕೊಚ್ಚಿಹೋಯಿತು. ಆ ಚಂಡಮಾರುತದ ದೆಸೆಯಿಂದ ಒಟ್ಟು 150ಕ್ಕೂ ಹೆಚ್ಚು ಜನರು ಸತ್ತರು. ಅವರಲ್ಲಿ 40ಕ್ಕೂ ಮಿಕ್ಕಿದವರು ಉಕ್ಕಿ ಬಂದ ಕಡಲಿಗೇ ಆಹುತಿಯಾದವರು. ನಷ್ಟದ ಅಂದಾಜು ಹನ್ನೊಂದು ಸಾವಿರ ಕೋಟಿ ಡಾಲರುಗಳನ್ನು ಮೀರಿತು. ಫ್ಲಾರಿಡಾದ ಚರಿತ್ರೆಯಲ್ಲಿ ಇಷ್ಟು ನಷ್ಟವನ್ನು ತಂದ ಚಂಡಮಾರುತ ಮತ್ತೊಂದಿಲ್ಲ. ಊರು ಬಿಟ್ಟು ಹೋಗಬೇಕೆಂಬ ಆಜ್ಞೆಯನ್ನು ಕರಾವಳಿಯ ಇತರ ಕೆಲವು ಕೌಂಟಿಗಳು 26ರಂದೇ ಹೊರಡಿಸಿದ್ದರೂ, ಲೀ ಕೌಂಟಿಯ ಅಧಿಕಾರಿಗಳು 27ರ ಬೆಳಗಿನವರೆಗೆ ತಡೆದರು. ಅದು ಬೇರೆಯೇ ಒಂದು ವಿಷಯ. ಅದನ್ನು ಇಲ್ಲಿ ಬೆಳಸುವುದಿಲ್ಲ.

ಇಷ್ಟು ದೊಡ್ಡ ನಷ್ಟವನ್ನು ಯಾರು ತುಂಬಿಕೊಡಬೇಕು? ಇದಕ್ಕೆ ಉತ್ತರ ತಿಳಿಯಬೇಕಾದರೆ ಅಮೆರಿಕದ ನೆರೆವಿಮೆಯ ಪೂರ್ವೋತ್ತರವನ್ನು ಅರಿಯಬೇಕು. ಬೆಂಕಿಯ ವಿಮೆಗೂ ನೆರೆಯ ವಿಮೆಗೂ ಬಹಳ ಅಂತರವುಂಟು. ಬೆಂಕಿ ಬೀಳುವುದು ಸಾವಿರದಲ್ಲಿ ಒಂದು ಮನೆಗೆ. ಉಳಿದ ಒಂಬೈನೂರ ತೊಂಬತ್ತೊಂಬತ್ತು ಮನೆಗಳವರು ಕಟ್ಟಿದ ಕಂತಿನಿಂದ ಆ ಒಂದು ಮನೆಯ ನಷ್ಟ ತುಂಬುತ್ತದೆ. ನೆರೆ ಬಂದರೆ ಇಡೀ ಕೇರಿಯೇ ಒಂದೇ ದಿನ ಮುಳುಗುತ್ತದೆ. ಮೇಲಾಗಿ, ದಿಬ್ಬದ ಮೇಲಿನವನು ನೆರೆಯ ವಿಮೆಯನ್ನು ಕೊಳ್ಳುವುದೇ ಇಲ್ಲ; ತಗ್ಗಿನವನು ಮಾತ್ರ ಕೊಳ್ಳುತ್ತಾನೆ. ಹೀಗಾಗಿ 1927ರಲ್ಲಿ ಮಿಸಿಸಿಪಿ ಮಹಾನದಿಯು ಉಕ್ಕಿ ಹರಿದ ತರುವಾಯ ಖಾಸಗಿ ಕಂಪೆನಿಗಳು ಈ ವ್ಯಾಪಾರದಿಂದ ಬಹುಮಟ್ಟಿಗೆ ಕೈತೊಳೆದುಕೊಂಡವು. ಇಂದಿಗೂ ಆ ದೇಶದಲ್ಲಿ ಸಾಧಾರಣ ಮನೆಯ ವಿಮಾಪತ್ರವು ನೆರೆಯ ನಷ್ಟವನ್ನು ಕೊಡುವುದಿಲ್ಲ. ಅದಕ್ಕೆ ಪ್ರತ್ಯೇಕ ಪತ್ರವನ್ನೇ ಕೊಳ್ಳಬೇಕು. ಎಷ್ಟೋ ಮಂದಿಗೆ ಈ ಸಂಗತಿ ಮನೆ ಮುಳುಗಿದ ಮೇಲೆ ತಿಳಿಯುತ್ತದೆ.

1965ರಲ್ಲಿ ಬೆಟ್ಸಿ ಎಂಬ ಚಂಡಮಾರುತವು ಲೂಯಿಸಿಯಾನ ಪ್ರಾಂತವನ್ನು ಹಾಳುಗೆಡವಿದಾಗ ಸರಕಾರವೇ ವಿಮೆಗಾರನಾಗಬೇಕೆಂಬ ಒತ್ತಾಯ ಬಲವಾಯಿತು. ಗಿಲ್ಬರ್ಟ್ ವೈಟ್ ಎಂಬ ಭೂಗೋಳ ಶಾಸ್ತ್ರಜ್ಞರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯು 1966ರಲ್ಲಿ ವರದಿಯನ್ನೊಪ್ಪಿಸಿತು. ವಿವೇಚನೆಯಿಲ್ಲದೆ ಕೊಟ್ಟ ವಿಮೆಯು ಜನರನ್ನು ನೀರಿನ ದಾರಿಗೆ ಮತ್ತಷ್ಟು ಕರೆದೊಯ್ದು, ನಷ್ಟವನ್ನು ಇಳಿಸುವ ಬದಲು ಏರಿಸಬಹುದೆಂದು ಆ ಸಮಿತಿಯು ಆಗಲೇ ಎಚ್ಚರಿಸಿತ್ತು. 1968ರಲ್ಲಿ ರಾಷ್ಟ್ರೀಯ ನೆರೆವಿಮೆಯ ಕಾಯಿದೆಗೆ ಅಧ್ಯಕ್ಷ ಲಿಂಡನ್ ಜಾನ್ಸನ್ನರು ರುಜು ಹಾಕಿದರು.

ಆ ಕಾಯಿದೆಯು ಬರಿಯ ದಾನವಾಗಿರಲಿಲ್ಲ, ಒಂದು ಕರಾರಾಗಿತ್ತು ಎಂಬುದನ್ನು ನಮ್ಮ ವಾಚಕರು ಮುಖ್ಯವಾಗಿ ಗಮನಿಸಬೇಕು. ಸಂಯುಕ್ತ ಸರಕಾರವು ವಿಮೆಯನ್ನು ಕೊಡುತ್ತದೆ. ಅದಕ್ಕೆ ಪ್ರತಿಯಾಗಿ ಊರಿನ ಆಡಳಿತವು ತಗ್ಗು ನೆಲದಲ್ಲಿ ಎಲ್ಲಿ, ಎಷ್ಟು ಎತ್ತರಕ್ಕೆ ಕಟ್ಟಬೇಕೆಂಬ ಕಟ್ಟಳೆಯನ್ನು ಮಾಡಿ, ಅದನ್ನು ನಡೆಸತಕ್ಕದ್ದು. ಊರು ಕರಾರಿಗೆ ಸೇರದಿದ್ದರೆ ಅಲ್ಲಿಯವರಿಗೆ ಈ ವಿಮೆಯಿಲ್ಲ. 1973ರ ಕಾಯಿದೆಯಿಂದ ಬಿಗಿ ಇನ್ನೂ ಹೆಚ್ಚಿತು: ನಕಾಶೆಯಲ್ಲಿ ಅಪಾಯದ ಪ್ರದೇಶವೆಂದು ಗುರುತಿಸಿದ ಕಡೆಯಲ್ಲಿ ಸರಕಾರದ ಆಧಾರವುಳ್ಳ ಸಾಲದಿಂದ ಮನೆಯನ್ನು ಕೊಳ್ಳುವವನು ನೆರೆವಿಮೆಯನ್ನು ಕಡ್ಡಾಯವಾಗಿ ಮಾಡಿಸಬೇಕು. ಅಪಾಯದ ಪ್ರದೇಶವೆಂದರೆ ಯಾವುದೇ ಒಂದು ವರ್ಷದಲ್ಲಿ ನೂರಕ್ಕೆ ಒಂದರಷ್ಟು ಸಂಭವವುಳ್ಳ ನೆರೆಗೆ ಮುಳುಗುವ ನೆಲ. ಇದನ್ನು ನೂರು ವರ್ಷಕ್ಕೊಮ್ಮೆ ಬರುವ ನೆರೆಯೆಂದು ಆಡುಮಾತಿನಲ್ಲಿ ಹೇಳುವುದುಂಟು. ಇಷ್ಟು ಜನರನ್ನು ದಾರಿ ತಪ್ಪಿಸಿದ ಮಾತು ಮತ್ತೊಂದಿರಲಾರದು. ಮೂವತ್ತು ವರ್ಷದ ಅವಧಿಯ ಸಾಲವನ್ನು ಮಾಡಿ ಮನೆ ಕೊಂಡವನ ಲೆಕ್ಕದಲ್ಲಿ, ಆ ಸಾಲ ತೀರುವುದರೊಳಗೆ ಅಂಥ ನೆರೆಯನ್ನು ಕಾಣುವ ಸಂಭವವು ನೂರಕ್ಕೆ 26. ನೂರು ವರ್ಷವೆಂದೊಡನೆ ಮೊಮ್ಮಕ್ಕಳ ಕಾಲಕ್ಕೆಂದು ನೆಮ್ಮದಿಯಿಂದ ಮಲಗುವವರಿಗೆ ಈ ಲೆಕ್ಕವನ್ನು ಯಾರೂ ಹೇಳುವುದಿಲ್ಲ.

ಕರಾರಿನ ಒಂದು ಮುಖ್ಯವಾದ ಷರತ್ತನ್ನು ಅಲ್ಲಿ ಐವತ್ತರ ನಿಯಮವೆಂದು ಕರೆಯುತ್ತಾರೆ. ಹಾನಿಗೊಂಡ ಮನೆಯನ್ನು ಮೊದಲಿನ ಸ್ಥಿತಿಗೆ ತರುವ ಖರ್ಚು, ಆ ಕಟ್ಟಡದ ಹಿಂದಿನ ಬೆಲೆಯಲ್ಲಿ ನೂರಕ್ಕೆ ಐವತ್ತನ್ನು ಮುಟ್ಟಿದರೆ, ಮನೆಯನ್ನು ಹಿಂದೆ ಇದ್ದಂತೆಯೇ ಕಟ್ಟಕೂಡದು. ಇಂದಿನ ಕಟ್ಟಳೆಗೆ ಸರಿಹೊಂದುವಂತೆ ನೆರೆಯ ಮಟ್ಟಕ್ಕಿಂತ ಮೇಲಕ್ಕೆ ಎತ್ತಿ ಕಟ್ಟಬೇಕು. ನೆಲದ ಬೆಲೆ ಈ ಲೆಕ್ಕಕ್ಕೆ ಸೇರದು. ಕಟ್ಟಡದ ಬೆಲೆ ಎರಡು ಲಕ್ಷ ಡಾಲರಾದರೆ ಒಂದು ಲಕ್ಷ ಡಾಲರಿನ ರಿಪೇರಿಗೆ ಈ ನಿಯಮವು ಅಡ್ಡ ಬರುತ್ತದೆ. ಇದರ ಉದ್ದೇಶ ಸ್ಪಷ್ಟವಾಗಿದೆ. ಹಳೆಯ ತಗ್ಗಿನ ಮನೆಗಳು ಒಂದೊಂದಾಗಿ ಮಾಯವಾಗಿ ಅವುಗಳ ಸ್ಥಳದಲ್ಲಿ ಕಂಬಗಳ ಮೇಲೆ ನಿಂತ ಮನೆಗಳು ಬರಬೇಕೆಂಬುದೇ ಅದು. ನಿಯಮವನ್ನು ನಡೆಸದಿದ್ದರೆ ಒಂದೇ ಮನೆಯನ್ನು ವಿಮೆಯ ಹಣದಿಂದ ಮೂರು ಬಾರಿ, ನಾಲ್ಕು ಬಾರಿ ಅದೇ ತಗ್ಗಿನಲ್ಲಿ ಕಟ್ಟಿದಂತಾಗುತ್ತದೆ. ಕಟ್ಟಳೆಯ ಕನಿಷ್ಠ ಮಟ್ಟಕ್ಕಿಂತಲೂ ಮೇಲಾಗಿ ಶ್ರದ್ಧೆ ವಹಿಸುವ ಊರುಗಳಿಗೆ 1990ರಿಂದ ಕಂತಿನಲ್ಲಿ ಶೇಕಡಾ 5ರಿಂದ 45ರವರೆಗೆ ರಿಯಾಯಿತಿಯನ್ನು ಗೊತ್ತುಮಾಡಿದ್ದಾರೆ. ಲೀ ಕೌಂಟಿಗೆ ದೊರೆತ ಶೇಕಡಾ 25 ಈ ಬಗೆಯದು. ಅದು ಹಕ್ಕಲ್ಲ, ಮಾಡಿದ ಕೆಲಸಕ್ಕೆ ಸಂದ ಕೂಲಿ.

ಈ ಕೌಂಟಿಯು ಬೆಳೆದ ಬಗೆಯನ್ನು ನೋಡಿದರೆ ಮೇಲಿನ ಷರತ್ತು ಎಷ್ಟು ಅವಶ್ಯವೆಂಬುದು ಮನದಟ್ಟಾಗುತ್ತದೆ. ಐರೋಪ್ಯರು ಬರುವುದಕ್ಕೆ ಮೊದಲು ಆ ತೀರದಲ್ಲಿ ಕಲೂಸಾ ಎಂಬ ಮೂಲನಿವಾಸಿಗಳಿದ್ದರು. ಅವರು ತಿಂದೆಸೆದ ಚಿಪ್ಪುಗಳನ್ನು ತಲೆಮಾರುಗಳ ಕಾಲ ರಾಶಿ ಹಾಕಿ ದಿಬ್ಬಗಳನ್ನು ಮಾಡಿ, ಅವುಗಳ ಮೇಲೆ ವಾಸವಾಗಿದ್ದರು. ಎಸ್ಟೆರೊ ಕೊಲ್ಲಿಯ ಮೌಂಡ್ ಕೀ ಎಂಬ ದ್ವೀಪದಲ್ಲಿ ಸುಮಾರು 30 ಅಡಿ ಎತ್ತರದ ಅಂಥ ದಿಬ್ಬವು ಇಂದಿಗೂ ನಿಂತಿದೆ. ನಕಾಶೆಯೂ ವಿಮೆಯೂ ಇಲ್ಲದ ಆ ಜನರು ನೀರಿನ ಸ್ವಭಾವವನ್ನು ಬಲ್ಲವರಾಗಿದ್ದರು. ಅವರ ಸ್ಥಳಕ್ಕೆ ಬಂದವರು ಮಾಡಿದ್ದೇನು? 1950ರ ಜನಗಣತಿಯಲ್ಲಿ ಲೀ ಕೌಂಟಿಯ ಜನಸಂಖ್ಯೆ 23,404, 2020ರಲ್ಲಿ 7,60,822. ಈ ಬೆಳವಣಿಗೆಯಲ್ಲಿ ದೊಡ್ಡ ಪಾಲು ಕೇಪ್ ಕೋರಲ್ ನಗರದ್ದು. 1957ರಲ್ಲಿ ರೋಸನ್ ಎಂಬ ಇಬ್ಬರು ಸಹೋದರರು ನದೀಮುಖದ ತಗ್ಗು ನೆಲವನ್ನು ಕೊಂಡು, ಕಾಲುವೆಗಳನ್ನು ಅಗೆಸಿ, ಅಗೆದ ಮಣ್ಣನ್ನು ಪಕ್ಕಕ್ಕೆ ಹಾಕಿ ನಿವೇಶನಗಳನ್ನು ಮಾಡಿದರು. ಆ ನಗರದ ಕಾಲುವೆಗಳ ಉದ್ದ ಈಗ 400 ಮೈಲಿ. ಚಳಿಯ ನಾಡಿನ ಜನರಿಗೆ ಬಿಸಿಲನ್ನೂ ನೀರಿನಂಚನ್ನೂ ವರ್ಣಿಸಿ, ಕಂಡರಿಯದ ನಿವೇಶನಗಳನ್ನು ತಿಂಗಳ ಕಂತುಗಳಿಗೆ ಮಾರಿದರು. ಅವರ ಕಂಪೆನಿಯು ಮೋಸದ ಮಾರಾಟಕ್ಕಾಗಿ 1967ರಲ್ಲಿ ತಪ್ಪೊಪ್ಪಿಕೊಳ್ಳಬೇಕಾಯಿತು. ಅಷ್ಟರಲ್ಲಿ ಕಾಲುವೆಗಳು ತೋಡಿಯಾಗಿದ್ದುವು, ಕಾಂಡ್ಲಾ ಗಿಡಗಳನ್ನು ಕಡಿದಾಗಿತ್ತು, ಜನರು ಬಂದು ನೆಲೆಸಿದ್ದರು.

ಇದಕ್ಕೆ ಎದುರಾಗಿ ಅದೇ ಕೌಂಟಿಯ ಸ್ಯಾನಿಬೆಲ್ ದ್ವೀಪವನ್ನು ನೋಡಬಹುದು. 1963ರಲ್ಲಿ ಸೇತುದಾರಿಯಾದೊಡನೆ ಅಲ್ಲಿಯೂ ಕಟ್ಟಡದವರು ನುಗ್ಗಿದರು. ಕೌಂಟಿಯ ಅಧಿಕಾರಿಗಳು ತಡೆಯಲೊಲ್ಲರೆಂಬುದನ್ನು ಕಂಡ ದ್ವೀಪದ ಜನರು 1974ರಲ್ಲಿ ತಮ್ಮದೇ ಪೌರಾಡಳಿತವನ್ನು ಸ್ಥಾಪಿಸಿಕೊಂಡು, 1976ರಲ್ಲಿ ಮನೆಗಳ ಸಂಖ್ಯೆಗೆ ಮಿತಿಯನ್ನು ಹಾಕಿದರು. ದ್ವೀಪದ ಹೆಚ್ಚಿನ ಭಾಗವು ಇಂದಿಗೂ ಕಾಡಾಗಿಯೇ ಉಳಿದಿದೆ. ಇಯಾನ್ ಸ್ಯಾನಿಬೆಲ್ಲನ್ನು ಬಿಟ್ಟಿತೆಂದು ನಾವು ಹೇಳುವುದಿಲ್ಲ. ಅಲ್ಲಿಯೂ ಮನೆಗಳು ಮುಳುಗಿದವು, ಜೀವಗಳು ಹೋದವು. ಆದರೆ ಕಟ್ಟದ ಮನೆ ಮುಳುಗುವುದಿಲ್ಲ. ಅಲ್ಲಿ ವಾಸಿಸದವನಿಗೆ ಪರಿಹಾರವನ್ನು ಕೊಡಬೇಕಾಗಿಲ್ಲ.

ಈಗ ಚಂಡಮಾರುತ ಹಾದುಹೋದ ಮರುದಿನಕ್ಕೆ ಬರೋಣ. ಐವತ್ತರ ನಿಯಮವನ್ನು ನಡೆಸುವವನು ವಾಷಿಂಗ್ಟನ್ನಿನಲ್ಲಿರುವುದಿಲ್ಲ. ಅವನು ಊರಿನ ಕಟ್ಟಡದ ಕಚೇರಿಯಲ್ಲಿ ಕುಳಿತ ಒಬ್ಬ ಸಾಮಾನ್ಯ ಅಧಿಕಾರಿ. ಅವನ ಮನೆಯೂ ನೆನೆದಿರಬಹುದು. ಅವನ ಮುಂದೆ ಸಾವಿರಾರು ಅರ್ಜಿಗಳು. ಅರ್ಜಿದಾರರು ಪರರಲ್ಲ, ಒಂದೇ ಚರ್ಚಿಗೆ ಹೋಗುವವರು, ಮಕ್ಕಳ ಗುರುಗಳು, ಪಿಂಚಣಿಯ ಮುದುಕರು. ನಿಮ್ಮ ಮನೆಗೆ ಐವತ್ತಕ್ಕೂ ಮಿಕ್ಕಿ ಹಾನಿಯಾಗಿದೆ, ಎತ್ತಿ ಕಟ್ಟಿರಿ, ಇಲ್ಲವೇ ಕೆಡವಿರಿ ಎಂದು ಆ ಮುದುಕರ ಮುಖವನ್ನು ನೋಡಿ ಹೇಳುವುದು ಸುಲಭವೇ? ಗೋಡೆಯ ಕೆಳಭಾಗದ ಹಲಗೆಯನ್ನು ಕಿತ್ತು ಹೊಸದನ್ನು ಹಾಕಿದರೆ ತಿಂಗಳೊಪ್ಪತ್ತಿನಲ್ಲಿ ಮನೆಗೆ ಮರಳಬಹುದೆಂದು ಆಸೆಯಿಟ್ಟವರು ಪರವಾನಗಿಗೆ ಕಾಯದೆ ರಾತ್ರೋರಾತ್ರಿ ಕೆಲಸ ಮಾಡಿಸುವುದನ್ನು ಕಂಡೂ ಕಾಣದವನಂತಿರುವುದು ಅವನಿಗೆ ದಯೆಯೆಂದೇ ತೋರಬಹುದು. ನಮ್ಮ ವಾಚಕರಲ್ಲಿ ಅಧಿಕಾರಸ್ಥಾನದಲ್ಲಿರುವವರು ಅನೇಕರಿದ್ದಾರೆ. ಅವರಿಗೆ ಈ ಇಕ್ಕಟ್ಟಿನ ಅನುಭವ ಇಲ್ಲದೆ ಇಲ್ಲ. ಮಳೆಗಾಲದಲ್ಲಿ ಕೆರೆಯಂಗಳದ ಮನೆಯವನು ಬಂದು ಕೈಮುಗಿದರೆ ಕಾನೂನಿನ ಪುಸ್ತಕ ಭಾರವಾಗುತ್ತದೆ.

ಆದರೆ ಆ ದಯೆಯ ಖರ್ಚನ್ನು ಕೊಡುವವರು ಯಾರು? ಮುಂದಿನ ನೆರೆಯಲ್ಲಿ ಅದೇ ಮುದುಕರು ಅದೇ ತಗ್ಗಿನ ಮನೆಯಲ್ಲಿರುತ್ತಾರೆ. ಕೊಡುವ ಸಾಲಿನಲ್ಲಿ ಅವರೇ ಮೊದಲಿಗರು. ಎರಡನೆಯವರು, ಕಷ್ಟಪಟ್ಟು ಸಾಲ ಮಾಡಿ ಮನೆಯನ್ನು ಎತ್ತಿ ಕಟ್ಟಿಸಿದ ಪಕ್ಕದ ಮನೆಯವರು. ಅವರ ಶ್ರದ್ಧೆಗೆ ಸಿಕ್ಕ ರಿಯಾಯಿತಿಯು ಇತರರ ಅಶ್ರದ್ಧೆಗೂ ಹಂಚಿಹೋಗುತ್ತದೆ. ಮೂರನೆಯವರು, ಕಡಲನ್ನೇ ಕಾಣದ ನಾಡುಗಳಲ್ಲಿ ತೆರಿಗೆ ಕೊಡುವ ರೈತರೂ ಕೂಲಿಗಳೂ. ಇದನ್ನು ದಯೆಯೆನ್ನುವುದಕ್ಕಿಂತ ಪರರ ಬೊಕ್ಕಸದಿಂದ ಮಾಡಿದ ದಾನವೆಂದು ಕರೆಯುವುದೇ ಯುಕ್ತ.

ಫೆಮಾ ಇಲಾಖೆಯ ನಡತೆಯಲ್ಲಿ ದೋಷವಿರಲಿಲ್ಲವೆಂದು ನಾವು ವಾದಿಸುವುದಿಲ್ಲ. ಐದು ಆಡಳಿತಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ಅವರ ಉತ್ತರವನ್ನು ಪೂರ್ತಿಯಾಗಿ ಕೇಳುವ ಮೊದಲೇ ಶಿಕ್ಷೆಯ ದಿನವನ್ನು ಸಾರಿದ್ದು ಮೇಲಧಿಕಾರಿಗಳ ದರ್ಪವೇ ಸರಿ. ಊರಿನ ಕಚೇರಿ ಮಾಡಿದ ತಪ್ಪಿಗೆ, ನಿಯಮವನ್ನು ಪಾಲಿಸಿದ ಗೃಹಸ್ಥನ ಕಂತು ಏಕೆ ಏರಬೇಕೆಂಬ ಪ್ರಶ್ನೆಯೂ ನ್ಯಾಯವಾದುದೇ. ಅದಕ್ಕೆ ನಮ್ಮ ಉತ್ತರವಿಷ್ಟು: ಆ ಕಚೇರಿಯನ್ನು ಆರಿಸಿದವರೂ ಅದರ ರಿಯಾಯಿತಿಯನ್ನು ಇಷ್ಟು ವರ್ಷ ಉಂಡವರೂ ಅದೇ ಗೃಹಸ್ಥರು. ಸ್ವಯಮಾಡಳಿತದ ಸವಿಯನ್ನು ಅನುಭವಿಸುವವರು ಅದರ ಲೆಕ್ಕವನ್ನೂ ಒಪ್ಪಿಸಬೇಕು. ಕೂಗಿನ ಫಲವಾಗಿ ಇಲಾಖೆಯು ಕಾಲಾವಕಾಶ ಕೊಟ್ಟಿತು. ಆಡಳಿತಗಳು ಕಡತಗಳನ್ನು ಒದಗಿಸಿದವು. 2024ರ ಜುಲೈ ತಿಂಗಳಲ್ಲಿ ಕೌಂಟಿಗೂ ಮೂರು ಊರುಗಳಿಗೂ ರಿಯಾಯಿತಿ ಉಳಿಯಿತು. ಫೋರ್ಟ್ ಮೈಯರ್ಸ್ ಬೀಚಿಗೆ ಮಾತ್ರ ಉಳಿಯಲಿಲ್ಲ; ಆ ವರ್ಷದ ನವೆಂಬರಿನಲ್ಲಿ ಅದನ್ನು ನಿಗಾವಣೆಗೆ ಒಳಪಡಿಸಿದರು. ನಿಗಾವಣೆಯ ಕಾಲದಲ್ಲಿ ಪ್ರತಿಯೊಂದು ವಿಮಾಪತ್ರಕ್ಕೂ 50 ಡಾಲರು ಹೆಚ್ಚಿಗೆ ಬೀಳುತ್ತದೆ. ಅದಕ್ಕೂ ಬಗ್ಗದಿದ್ದರೆ ಊರನ್ನೇ ಯೋಜನೆಯಿಂದ ಹೊರಗಿಡುವ ಅಧಿಕಾರವು ಇಲಾಖೆಗಿದೆ. ಬೆದರಿಕೆಯಿಲ್ಲದಿದ್ದರೆ ಆ ಕಡತಗಳು ಹೊರಬರುತ್ತಿದ್ದುವೇ? ನಮಗೆ ನಂಬಿಕೆಯಿಲ್ಲ. ಈ ಜಗಳ ಮುಗಿಯುವ ಮೊದಲೇ, ಆ ಸೆಪ್ಟೆಂಬರಿನಲ್ಲಿ ಹೆಲೀನ್ ಎಂಬ ಚಂಡಮಾರುತವೂ ಅಕ್ಟೋಬರಿನಲ್ಲಿ ಮಿಲ್ಟನ್ ಎಂಬುದೂ ಬಂದು ಅದೇ ತೀರದ ಮೇಲೆ ಕಡಲನ್ನು ಉಕ್ಕಿಸಿದವು.

ಈಗ ಕಂತಿನ ದರದ ವಿಷಯ. ಐವತ್ತು ವರ್ಷಗಳವರೆಗೆ ಈ ವಿಮೆಯು ಅಪಾಯಕ್ಕಿಂತ ಅಗ್ಗವಾಗಿತ್ತು. ನಕಾಶೆಗಿಂತ ಹಳೆಯ ಮನೆಗಳಿಗಂತೂ ತೀರ ಅಗ್ಗ. ಪರಿಣಾಮವನ್ನು ಬೊಕ್ಕಸದ ಪುಸ್ತಕದಲ್ಲಿ ಕಾಣಬಹುದು. 2005ರ ಕತ್ರೀನಾ ಮೊದಲಾದ ಚಂಡಮಾರುತಗಳಲ್ಲಿ ಯೋಜನೆಯು ಸರಕಾರದಿಂದ ಸಾಲ ಮಾಡಿತು. 2017ರಲ್ಲಿ ಶಾಸನಸಭೆಯು 1,600 ಕೋಟಿ ಡಾಲರುಗಳ ಸಾಲವನ್ನು ಮನ್ನಾ ಮಾಡಿತು. ಆದರೂ 2,052 ಕೋಟಿಗೂ ಮಿಕ್ಕಿ ಉಳಿಯಿತು. 2025ರ ಆರಂಭದಲ್ಲಿ ಮತ್ತೆ 200 ಕೋಟಿಯನ್ನು ಎತ್ತಬೇಕಾಯಿತು. ದರವನ್ನು ನಿಜಕ್ಕೆ ಸರಿಪಡಿಸಬೇಕೆಂದು 2012ರಲ್ಲಿ ಒಂದು ಕಾಯಿದೆಯಾಯಿತು. ಕಂತುಗಳು ಏರುತ್ತಲೇ ಕರಾವಳಿಯ ಜನರು ಬೊಬ್ಬೆಯಿಟ್ಟರು. ಯಾರ ಹೆಸರನ್ನು ಆ ಕಾಯಿದೆಯು ಹೊತ್ತಿತ್ತೋ ಆ ಶಾಸನಸಭಿಕರಲ್ಲೊಬ್ಬರಾದ ಮ್ಯಾಕ್ಸೀನ್ ವಾಟರ್ಸರೇ ಅದನ್ನು ತಡೆಹಿಡಿಯಬೇಕೆಂದು ಓಡಾಡಿದರು. 2014ರಲ್ಲಿ ಅದರ ಹಲ್ಲುಗಳನ್ನು ಕೀಳಲಾಯಿತು.

ಕೊನೆಗೆ ಕಾಯಿದೆಯಿಂದಾಗದುದನ್ನು ಇಲಾಖೆಯೇ ದರಪಟ್ಟಿಯ ಮೂಲಕ ಮಾಡಹೊರಟಿತು. 2021ರ ಅಕ್ಟೋಬರಿನಿಂದ ಹೊಸ ವಿಮಾಪತ್ರಗಳಿಗೂ, 2022ರ ಏಪ್ರಿಲ್‌ನಿಂದ ಹಳೆಯವುಗಳಿಗೂ ಜಾರಿಗೆ ಬಂದ ಹೊಸ ಕ್ರಮದಲ್ಲಿ ಬರಿಯ ನಕಾಶೆಯ ಗೆರೆಯನ್ನು ನೋಡದೆ, ಮನೆಯು ನೀರಿಗೆ ಎಷ್ಟು ದೂರ, ನೆಲ ಎಷ್ಟು ಎತ್ತರ, ಮತ್ತೆ ಕಟ್ಟಲು ಎಷ್ಟು ಖರ್ಚು ಎಂಬುದನ್ನು ಒಂದೊಂದು ಮನೆಗೂ ಲೆಕ್ಕ ಹಾಕುತ್ತಾರೆ. ಇದರಿಂದ ಒಂದು ಅನ್ಯಾಯವು ಬಯಲಿಗೆ ಬಂದಿತು: ಹಳೆಯ ಕ್ರಮದಲ್ಲಿ ಚಿಕ್ಕ ಮನೆಯ ಬಡವನು ಅನೇಕ ಕಡೆ ತನ್ನ ಅಪಾಯಕ್ಕಿಂತ ಹೆಚ್ಚು ಕೊಡುತ್ತಿದ್ದನು, ದೊಡ್ಡ ಮನೆಯ ಧನಿಕನು ಕಡಿಮೆ ಕೊಡುತ್ತಿದ್ದನು. ಏರಿಕೆಗೆ ಮಿತಿಯೂ ಉಂಟು. ತಾನೇ ವಾಸವಾಗಿರುವ ಮನೆಗೆ ಸಾಮಾನ್ಯವಾಗಿ ವರ್ಷಕ್ಕೆ ಶೇಕಡಾ 18ಕ್ಕಿಂತ ಹೆಚ್ಚಿಸಕೂಡದು. ವಿಹಾರಕ್ಕಾಗಿ ಇಟ್ಟುಕೊಂಡ ಎರಡನೆಯ ಮನೆಗೆ ಶೇಕಡಾ 25. ಈ ಭೇದವನ್ನು ನಾವು ಮೆಚ್ಚುತ್ತೇವೆ.

ಹಾಗಾದರೆ ಕೊಡಲಾರದವನ ಗತಿಯೇನು? ಇದೇ ಈ ವಿಷಯದ ತಿರುಳು. ಫೋರ್ಟ್ ಮೈಯರ್ಸ್ ಬೀಚಿನ ಸುತ್ತಲೂ ಗಾಲಿಮನೆಗಳ ಬಿಡಾರಗಳಲ್ಲಿ ಕಡಿಮೆ ವರಮಾನದ ವೃದ್ಧರೂ ಮೀನುಗಾರಿಕೆಯವರೂ ಹೋಟೆಲಿನ ಕೆಲಸಗಾರರೂ ಇದ್ದರು. ಇಯಾನ್ ಆ ಬಿಡಾರಗಳನ್ನು ಗುಡಿಸಿಬಿಟ್ಟಿತು. ನಿಜವಾದ ಕಂತನ್ನು ಅವರಿಂದ ಕೇಳುವುದೆಂದರೆ ಅವರಿಗೆ ವಿಮೆಯೇ ಇಲ್ಲವೆಂದಂತೆ. ಕಂತನ್ನು ಎಲ್ಲರಿಗೂ ಇಳಿಸಿದರೋ, ಬಡವನ ಹೆಸರಿನಲ್ಲಿ ಕಡಲಂಚಿನ ಮಹಲಿನವನಿಗೆ ಹಣ ಸಲ್ಲುತ್ತದೆ. ವಿಮೆಯ ಮಿತಿಯು ಮನೆಗೆ 2,50,000 ಡಾಲರು, ಸಾಮಾನುಗಳಿಗೆ 1,00,000. ಮಹಲಿನವನಿಗೆ ಅದು ಚಿಲ್ಲರೆ. ಆದರೆ ಸಿಕ್ಕುವ ರಿಯಾಯಿತಿಯನ್ನು ಅವನೇನೂ ಬಿಡುವುದಿಲ್ಲ. ಆದುದರಿಂದ ಕಂತು ನಿಜವಾಗಿರಲಿ, ಸಹಾಯ ಬೇರೆಯಾಗಿರಲಿ, ಅದು ವರಮಾನವನ್ನು ನೋಡಿ ಬಹಿರಂಗವಾಗಿ ಕೊಡುವ ಸಹಾಯವಾಗಿರಲಿ ಎಂದು ನಾವು ಹೇಳುತ್ತೇವೆ. ಆಗ ಯಾರಿಗೆ ಎಷ್ಟು ಸಂದಿತೆಂಬುದು ಲೋಕಕ್ಕೆ ತಿಳಿಯುತ್ತದೆ. ಅಷ್ಟೇ ಅಲ್ಲ, ಸಹಾಯ ಪಡೆಯುವವನಿಗೂ ತಾನಿರುವ ಸ್ಥಳದ ಅಪಾಯ ಎಷ್ಟೆಂಬುದು ತಿಳಿದಿರುತ್ತದೆ. ಮನೆಯನ್ನು ಎತ್ತರಿಸುವುದಕ್ಕೆ ಈಗ ವಿಮೆಯ ಕೆಳಗೆ ದೊರೆಯುವ ಹೆಚ್ಚಿನ ಮೊತ್ತ 30,000 ಡಾಲರು. ಅದರಲ್ಲಿ ಮನೆ ಏಳುವುದು ಕಷ್ಟ. ಸಹಾಯವನ್ನು ಹೆಚ್ಚಿಸಬೇಕಾದದ್ದು ಅಲ್ಲಿ.

ಅಪಾಯವನ್ನು ಮುಚ್ಚಿಡುವ ಅಭ್ಯಾಸವು ಕಂತಿನಲ್ಲಿ ಮಾತ್ರವಿರಲಿಲ್ಲ. ಫ್ಲಾರಿಡಾದಲ್ಲಿ ಮನೆಯನ್ನು ಮಾರುವವನು ಅದರ ನೆರೆಯ ಪರಿಹಾರದ ಪೂರ್ವಚರಿತ್ರೆಯನ್ನು ಕೊಳ್ಳುವವನಿಗೆ ಬರೆದುಕೊಡಬೇಕೆಂಬ ಕಾಯಿದೆ ಜಾರಿಗೆ ಬಂದದ್ದು 2024ರ ಅಕ್ಟೋಬರ್ 1ರಂದು. ಅದಕ್ಕೆ ಮೊದಲು ಎಷ್ಟು ಮನೆಗಳು ಬಣ್ಣ ಬಳಿದುಕೊಂಡು ಕೈ ಬದಲಾಯಿಸಿದವೋ! ಪ್ರಾಂತದ ಸರಕಾರವೇ ನಡೆಸುವ ಸಿಟಿಜನ್ಸ್ ಎಂಬ ವಿಮಾಸಂಸ್ಥೆಯು ಗಾಳಿಯ ನಷ್ಟವನ್ನು ಕೊಡುತ್ತದೆ, ನೀರಿನದನ್ನು ಕೊಡುವುದಿಲ್ಲ. ಛಾವಣಿ ಹಾರಿ, ಕೆಳಗಿನಿಂದ ನೀರೂ ನುಗ್ಗಿದ ಮನೆಯಲ್ಲಿ ಯಾವುದು ಗಾಳಿಯ ಪಾಲು, ಯಾವುದು ನೀರಿನ ಪಾಲೆಂದು ವ್ಯಾಜ್ಯಗಳಾಗುವುದು ಸಹಜ. ಇಯಾನಿನ ಅನಂತರ, 2022ರ ಡಿಸೆಂಬರಿನ ಕಾಯಿದೆಯಿಂದ, ಆ ಸಂಸ್ಥೆಯ ವಿಮೆಯುಳ್ಳವರು ನೆರೆವಿಮೆಯನ್ನೂ ಹಂತಹಂತವಾಗಿ ಮಾಡಿಸಿಕೊಳ್ಳಬೇಕೆಂದು ಗೊತ್ತಾಯಿತು. ಕೋಟೆ ಸೂರೆಹೋದ ಮೇಲೆ ಬಾಗಿಲು ಹಾಕಿದಂತಾದರೂ, ಹಾಕದಿರುವುದಕ್ಕಿಂತ ಮೇಲು.

ಅಗ್ಗದ ವಿಮೆಯನ್ನು ನಿಲ್ಲಿಸಿದರೆ ಕಟ್ಟಡಗಳು ನಿಲ್ಲುತ್ತವೆಯೇ ಎಂದು ಕೇಳುವವರಿಗೆ ಒಂದು ದೃಷ್ಟಾಂತವುಂಟು. 1982ರಲ್ಲಿ ಅಧ್ಯಕ್ಷ ರೇಗನ್ನರ ಕಾಲದಲ್ಲಿ ಆದ ಒಂದು ಕಾಯಿದೆಯು, ಇನ್ನೂ ಕಟ್ಟಡಗಳೇಳದ ಮರಳುದ್ವೀಪಗಳನ್ನು ಗುರುತಿಸಿ, ಅಲ್ಲಿ ಹೊಸದಾಗಿ ಕಟ್ಟುವವರಿಗೆ ಸಂಯುಕ್ತ ಸರಕಾರದ ನೆರೆವಿಮೆಯಾಗಲಿ ರಸ್ತೆ ಸೇತುವೆಗಳ ಹಣವಾಗಲಿ ಸಿಗದೆಂದು ಸಾರಿತು. ಕಟ್ಟಕೂಡದೆಂದು ಯಾರಿಗೂ ಆಜ್ಞೆ ಮಾಡಲಿಲ್ಲ. ಕಟ್ಟುವುದಾದರೆ ನಿಮ್ಮ ಹಣದಿಂದ ಕಟ್ಟಿರಿ ಎಂದಷ್ಟೇ ಹೇಳಿತು. ಲೀ ಕೌಂಟಿಯ ಕೆಲವು ದ್ವೀಪಗಳೂ ಆ ಪಟ್ಟಿಯಲ್ಲಿವೆ. ಅಂಥ ತೀರಗಳಲ್ಲಿ ಇಂದಿಗೂ ಮನೆಗಳು ವಿರಳ.

ನಮ್ಮ ದೇಶದ ರೀತಿ ಬೇರೆ. 2021ರ ಏಪ್ರಿಲಿನಿಂದ ಜಾರಿಯಲ್ಲಿರುವ ಭಾರತ ಗೃಹ ರಕ್ಷಾ ಎಂಬ ವಿಮಾಪತ್ರದಲ್ಲಿ ಬೆಂಕಿಯೊಡನೆ ನೆರೆಯೂ ಚಂಡಮಾರುತವೂ ಸೇರಿಯೇ ಇವೆ, ಪ್ರತ್ಯೇಕವಾಗಿ ಕೊಳ್ಳಬೇಕಾಗಿಲ್ಲ. ಆದರೆ ಮನೆಗೆ ವಿಮೆ ಮಾಡಿಸುವವರೇ ನಮ್ಮಲ್ಲಿ ಅಪರೂಪ. 2019ರ ನೆರೆಯಲ್ಲಿ ಪೂರ್ತಿಯಾಗಿ ಬಿದ್ದ ಮನೆಗೆ ಕರ್ನಾಟಕ ಸರಕಾರವು 5 ಲಕ್ಷ ರೂಪಾಯಿಗಳನ್ನು ಸಾರಿದಾಗ, ಬಿದ್ದ ಮನೆಯು ಅದೇ ತಗ್ಗಿನಲ್ಲಿ ಮತ್ತೆ ಏಳಬೇಕೇ ಎಂಬ ಚರ್ಚೆಗೆ ಯಾರಿಗೂ ಬಿಡುವಿರಲಿಲ್ಲ. ಕಡಲಂಚಿನ ಕಟ್ಟಳೆಯು 1991ರಲ್ಲಿ ಬಂದಿತು. 2019ರ ಪ್ರಕಟಣೆಯಲ್ಲಿ, ಜನಸಾಂದ್ರತೆ ಹೆಚ್ಚಾದ ಗ್ರಾಮಗಳಿಗೆ, ಕಟ್ಟಡ ನಿಷೇಧದ ಅಗಲವನ್ನು 200 ಮೀಟರುಗಳಿಂದ 50ಕ್ಕೆ ಇಳಿಸಲಾಯಿತು. ಉಳ್ಳಾಲದಲ್ಲಿ ಅಲೆಗಳ ಮುಂದೆ ಕಲ್ಲುಗಳನ್ನು ಪೇರಿಸುವ ಕಷ್ಟವನ್ನು ಕಂಡವರಿಗೆ 50 ಮೀಟರೆಂದರೆ ಎಷ್ಟೆಂಬುದನ್ನು ನಾವು ಹೇಳಬೇಕಾಗಿಲ್ಲ. ಲೀ ಕೌಂಟಿಯ ಕಡತಗಳನ್ನು ನಮ್ಮ ಮೂರು ಕರಾವಳಿ ಜಿಲ್ಲೆಗಳ ಪುರಸಭೆಗಳವರು ತರಿಸಿ ಓದುವುದು ವ್ಯರ್ಥವಾಗಲಾರದು.

ಅಮೆರಿಕದ ಶಾಸನಸಭೆಯ ವಿಷಯದಲ್ಲಿ ಒಂದು ಮಾತು ಉಳಿದಿದೆ. ವರಮಾನವನ್ನು ನೋಡಿ ಬಡವರಿಗೆ ಸಹಾಯ ಕೊಡಬೇಕೆಂಬ ಸೂಚನೆಯನ್ನು ಫೆಮಾ ಇಲಾಖೆಯೇ 2022ರಲ್ಲಿ, ಇಯಾನಿಗೆ ನಾಲ್ಕು ತಿಂಗಳು ಮೊದಲು, ಇತರ ಹದಿನಾರು ಸೂಚನೆಗಳೊಡನೆ ಸಭೆಗೆ ಒಪ್ಪಿಸಿತ್ತು. 2025ರ ಕೊನೆಯವರೆಗೂ ಅದು ಕಾಯಿದೆಯಾಗಲಿಲ್ಲ. ಇಡೀ ಯೋಜನೆಯನ್ನು ದೀರ್ಘಕಾಲಕ್ಕೆ ಮುಂದುವರಿಸುವ ಧೈರ್ಯವಿಲ್ಲದೆ, 2017ರಿಂದೀಚೆಗೆ ಮೂವತ್ತಕ್ಕೂ ಹೆಚ್ಚು ಬಾರಿ ಕೆಲವು ವಾರ, ಕೆಲವು ತಿಂಗಳುಗಳಂತೆ ಅದರ ಆಯುಷ್ಯವನ್ನು ಬೆಳಸುತ್ತ ಬಂದರು. 2025ರ ಅಕ್ಟೋಬರ್ 1ರಂದು ಅದನ್ನೂ ಮಾಡದೆ ಹೋದರು. ನವೆಂಬರ್ 12ರವರೆಗೆ, ಚಂಡಮಾರುತಗಳ ಋತು ಇನ್ನೂ ಮುಗಿಯದಿರುವಾಗಲೇ, ಲೀ ಕೌಂಟಿಯಲ್ಲಿಯೂ ಉಳಿದ ದೇಶದಲ್ಲಿಯೂ ಯೋಜನೆಯ ಹೊಸ ನೆರೆವಿಮೆಯೊಂದೂ ಮಾರಾಟವಾಗಲಿಲ್ಲ.